ತಿಗನಾರೆ ತಂಡದ ಹೆದರುಪುಕ್ಕಲ ಮ್ಯಾನೇಜರ್

ಹೆಸರು ವೃಷಭೇಂದ್ರ. ಆಳೂ ಹೆಸರಿಗೆ ತಕ್ಕ ಹಾಗೆಯೇ ಇದ್ದಾನೆ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರುವುದಿಲ್ಲ. ಆದರೆ ನಮ್ಮ ತಿಗನಾರೆಯಲ್ಲಿ ಅವನಷ್ಟು ಹೆದರುವ ಮನುಷ್ಯ ಇನ್ನೊಬ್ಬನಿಲ್ಲ. ಆನೆಗೆ ಹೆದರುತ್ತಾನೆ, ಅದು ಸರಿ, ಆನೆಗೆ ಎಲ್ಲರೂ ಹೆದರುತ್ತೇವೆ. ಇವನು ಫೋನು ಬಂದರೂ ಹೆದರುತ್ತಾನೆ, ಬರದಿದ್ದರೂ ಹೆದರುತ್ತಾನೆ. ನೆಗಡಿ ಆದರೆ ಮನೆಯವರನ್ನೆಲ್ಲ ಹತ್ತಿರ ಕೂರಿಸಿಕೊಂಡು ಬುದ್ಧಿ ಹೇಳುತ್ತಾನೆ, ಇನ್ನು ತಾನು ಇರುವುದಿಲ್ಲವೇನೋ ಎಂಬಂತೆ. ನನ್ನ ಸೋದರಮಾವನ ಮಗ, ನನಗೆ ಭಾವ ಆಗಬೇಕು. ಪಕ್ಕದ ಮನೆಯೂ ಹೌದು. ಭಾವನನ್ನು ಆಡಿಕೊಳ್ಳುವುದು ನನ್ನ ಹಕ್ಕು, ಆ ಹಕ್ಕನ್ನು ನಾನು ಯಾವತ್ತೂ ಕೈಬಿಟ್ಟವನಲ್ಲ.

ಇಂಥವನು ಎಷ್ಟೋ ವರ್ಷದಿಂದ ನಮ್ಮ ಊರಿನ ಕಬಡ್ಡಿ ತಂಡದ ಮ್ಯಾನೇಜರ್. ಊರಿನ ತಂಡ ಅಂದರೆ ಸಂಜೆ ಹೊತ್ತು ಹೋಗದೆ ಆಡುವ ಹುಡುಗರಲ್ಲ. ತಾಳವಾಡಿಯ ತರಕಾರಿ ಮಂಡಿಯವರು ಬನಿಯನ್ನು, ಬಸ್ಸು, ಊಟ, ಸಂಬಳ ಎಲ್ಲ ಕೊಟ್ಟು ಸಾಕುವ ತಂಡ. ಪೊಂಗಲ್‌ನಿಂದ ಯುಗಾದಿವರೆಗೆ ಸತ್ಯಮಂಗಲ, ಕೊಳ್ಳೇಗಾಲ, ಚಾಮರಾಜನಗರ ಎಂದು ಸುತ್ತಿ ಆಡುತ್ತಾರೆ. ಆಮೇಲೆ ಮಳೆ ಬಿದ್ದರೆ ಎಲ್ಲರೂ ಹೊಲಕ್ಕೆ. ಆಟಗಾರರಿಗೆ ಅದು ಬಿಡುವು. ಮ್ಯಾನೇಜರನ ನಿಜವಾದ ಕೆಲಸ ಶುರುವಾಗುವುದೇ ಆವಾಗ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ಊರಿನಿಂದ ಯಾರನ್ನು ಎಳೆದುಕೊಂಡು ಬರಬೇಕು ಎಂಬ ಲೆಕ್ಕ ಅದು. ವೃಷಭೇಂದ್ರ ಅದನ್ನು ನಮ್ಮ ಜಗಲಿಯ ಮೇಲೆ ಅವರೆಕಾಳಿಟ್ಟು ಮಾಡುತ್ತಾನೆ. ಏಳು ಕಾಳು, ಏಳು ಜನ. ಒಂದು ಕಾಳು ಎತ್ತಿ ಇನ್ನೊಂದು ಇಡುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಮತ್ತೆ ಮೊದಲಿನದನ್ನೇ ಇಡುತ್ತಾನೆ.

ಇದಕ್ಕೊಂದು ಕಟ್ಟುಪಾಡು ಇದೆ. ದೀಪಾವಳಿಯ ಬೆನ್ನಿಗೇ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆಹಬ್ಬ ಮುಗಿದ ಮಾರನೆಯ ದಿನ ಪ್ರತಿ ಊರಿನ ಮ್ಯಾನೇಜರೂ ತನ್ನ ಆಟಗಾರರಿಗೆ ವೀಳ್ಯ ಕೊಡುತ್ತಾನೆ. ವೀಳ್ಯ ತೆಗೆದುಕೊಂಡವನು ಮುಂದಿನ ಗೊರೆಹಬ್ಬದವರೆಗೆ ಆ ತಂಡ ಬಿಟ್ಟು ಬೇರೆ ಕಡೆ ಕಾಲಿಡುವಂತಿಲ್ಲ. ಇಟ್ಟರೆ ಅವನನ್ನು ಯಾವ ಊರಿನವರೂ ಆಡಿಸುವುದಿಲ್ಲ. ಆ ದಿನ ಹೊತ್ತು ಮುಳುಗಿದ ಮೇಲೂ ಯಾರ ಕೈ ಖಾಲಿ ಇರುತ್ತದೋ ಅವನನ್ನು ಯಾರು ಬೇಕಾದರೂ ಕರೆಯಬಹುದು. ಕಾಗದ ಇಲ್ಲ, ರುಜು ಇಲ್ಲ. ಎರಡು ಎಲೆ, ಒಂದು ಅಡಿಕೆ, ಅಷ್ಟೇ.

ಹೋದ ಸೀಸನ್ನಿನ ಕೊನೆಯ ಪಂದ್ಯದಲ್ಲಿ ನಮ್ಮ ಸೋಮಶೇಖರನಿಗೆ ಪೆಟ್ಟು ಬಿತ್ತು. ಸೋಮು ನಮ್ಮ ರೈಡರ್. ಅವನು ಗೆರೆ ದಾಟಿ ಒಳಗೆ ಹೋದ ಎಂದರೆ ನಾವು ಬೀಡಿ ಹಚ್ಚಿಕೊಳ್ಳುತ್ತಿದ್ದೆವು, ಅಷ್ಟು ನಂಬಿಕೆ. ಅವತ್ತು ಎದುರಿನವನ ಮೊಣಕಾಲು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಎದ್ದ, ಮೈ ಕೊಡವಿಕೊಂಡ, ನೆಟ್ಟಗೆ ನಡೆದುಹೋಗಿ ಎದುರಾಳಿಗಳ ಬೆಂಚಿನ ಮೇಲೆ ಕುಳಿತ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಸೋಮುವೂ ನಕ್ಕ. ವೃಷಭೇಂದ್ರ ಮಾತ್ರ ನನ್ನ ತೋಳು ಹಿಡಿದುಕೊಂಡ.

"ನಗಬ್ಯಾಡ ಕಣ್ಲಾ. ಅವನ ಕಣ್ ನೋಡ್ದಾ? ಆ ಕಣ್ಣೊಳಗೆ ಅವ್ನೇ ಇರ್ನಿಲ್ಲ."

"ನಿಂಗೆ ಕೋಳಿ ಕೂಗುದ್ರೂ ಎದ್ರಿಕೆ. ಸುಮ್ಕಿರು ಬಾವ" ಅಂದೆ. ಎಲ್ಲದಕ್ಕೂ ಹೆದರುವವನ ಪಾಡೇ ಇದು. ಅವನ ಹೆದರಿಕೆಗೆ ಯಾರೂ ಬೆಲೆ ಕೊಡುವುದಿಲ್ಲ.

ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡಂಚಿನ ಹೊಲಗಳಲ್ಲಿ ಕಾವಲು ಶುರುವಾಗುತ್ತದೆ. ಹೊಲಕ್ಕೊಂದು ಅಟ್ಟಣೆ, ಅಟ್ಟಣೆಗೊಬ್ಬ ಆಳು. ಹೊತ್ತು ಇಳಿಯುತ್ತಿದ್ದಂತೆ ಮೊದಲನೆಯವನು ಕೂಗು ಹಾಕುತ್ತಾನೆ, ಎರಡನೆಯವನು ಅದನ್ನು ಎತ್ತಿಕೊಳ್ಳುತ್ತಾನೆ, ಹಾಗೇ ಸಾಲಾಗಿ ಕೆರೆ ಏರಿಯವರೆಗೆ ಕೂಗು ಹೋಗುತ್ತದೆ. ಕೂಗು ಎಲ್ಲಿ ನಿಂತಿತೋ ಅಲ್ಲಿ ಏನೋ ಆಗಿದೆ ಎಂದು ಅರ್ಥ. ವೃಷಭೇಂದ್ರನ ಅಟ್ಟಣೆ ಮೊದಲನೆಯದು, ಆಮೇಲೆ ಸೋಮುವಿನದು, ಆಮೇಲೆ ಯೋಗೇಶನದು. ಯೋಗೇಶನೂ ನಮ್ಮ ತಂಡದವನೇ, ಕಾರ್ನರ್‌ನಲ್ಲಿ ನಿಲ್ಲುತ್ತಾನೆ.

ದೀಪಾವಳಿಗೆ ಮುಂಚೆ ಒಂದು ಸಂಜೆ ವೃಷಭೇಂದ್ರ ಕೂಗು ಹಾಕಿದ. ಉತ್ತರ ಬಂತು. ಆದರೆ ಅದು ಸೋಮುವಿನ ಗಂಟಲಲ್ಲ, ಅದರಾಚೆಯ ಯೋಗೇಶನದು. ಬೇರೆಯವರಿಗೆ ಇದು ತಿಳಿಯುತ್ತಿರಲಿಲ್ಲ. ಇವನು ಹೆದರುವವನು, ಪ್ರತಿ ಕೂಗನ್ನೂ ಕಿವಿಗೊಟ್ಟು ಕೇಳಿ, ಸದ್ಯ ಇವನಿದ್ದಾನೆ, ಸದ್ಯ ಅವನಿದ್ದಾನೆ ಎಂದು ಸಮಾಧಾನ ಮಾಡಿಕೊಳ್ಳುವವನು. ಮತ್ತೊಮ್ಮೆ ಕೂಗಿದ. ಮತ್ತೆ ಯೋಗೇಶನೇ.

ನಡುವೆ ಆಳೆತ್ತರದ ಜೋಳ. ಹಿಂದಿನ ದಿನ ಅಲ್ಲೇ ಆನೆ ಲದ್ದಿ ಕಂಡಿತ್ತು. ಗಾಳಿಗೆ ಗರಿ ಸರಗುಟ್ಟಿದರೂ ಆನೆಯ ಕಿವಿ ಬಡಿದಂತೆ ಕೇಳಿಸುತ್ತದೆ. ವೃಷಭೇಂದ್ರ ಇಳಿದ. ಹೇಗೆ ಇಳಿದೆ ಎಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ನಾಲಿಗೆ ಒಣಗಿ ಮಾದಪ್ಪನ ಹೆಸರೂ ಹೊರಡಲಿಲ್ಲವಂತೆ.

ಅಟ್ಟಣೆಯ ಮೇಲೆ ಸೋಮು ಕಾಲು ಇಳಿಬಿಟ್ಟು ಕುಳಿತಿದ್ದ. ಕಣ್ಣು ತೆರೆದಿತ್ತು. ಏನನ್ನೋ ಅಗಿಯುವವನ ಹಾಗೆ ತುಟಿ ಆಡುತ್ತಿತ್ತು, ಬಾಯಲ್ಲಿ ಏನೂ ಇಲ್ಲ. ಬೆರಳು ಅಂಗಿಯ ಗುಂಡಿಯನ್ನು ಕೀಳುತ್ತಾ ಇತ್ತು. ವೃಷಭೇಂದ್ರ ಹೆಸರು ಹಿಡಿದು ಕರೆದ, ಪಾದ ಹಿಡಿದು ಅಲ್ಲಾಡಿಸಿದ. ಸೋಮು ಅವನ ಮೇಲಿಂದ ಕಾಡಿನ ಕಡೆ ನೋಡುತ್ತಲೇ ಇದ್ದ. ಆನೆಯನ್ನೇ ಎದುರಿಗೆ ಕಂಡಿದ್ದರೂ ಅಷ್ಟು ಭಯ ಆಗುತ್ತಿರಲಿಲ್ಲ ಎಂದು ಭಾವ ನನಗೆ ಹೇಳಿದ್ದಾನೆ. ಆಮೇಲೆ ಸೋಮು ಇದ್ದಕ್ಕಿದ್ದ ಹಾಗೆ ತಲೆ ತಿರುಗಿಸಿದ.

"ಏನಣ್ಣ, ಯಾವಾಗ್ ಬಂದೆ?"

"ನೀ ಯಾಕ್ಲಾ ಕೂಗ್ನಿಲ್ಲ?"

"ಕೂಗ್ದಲ್ಲಣ್ಣ ಈಗ. ಕೇಳುಸ್ನಿಲ್ವಾ?"

ವೃಷಭೇಂದ್ರ ಯೋಗೇಶನ ಅಟ್ಟಣೆಗೆ ಹೋದ. ಕಾವಲಿನಲ್ಲಿ ಒಬ್ಬ ತೂಕಡಿಸಿದರೆ ಪಕ್ಕದವನು ಅವನ ಸರದಿಯ ಕೂಗನ್ನೂ ತಾನೇ ಹಾಕಿ ಕಾಪಾಡುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಹೊಲದವರು ಬೈಯಬಾರದು ಎಂದು ಮಾಡುವ ಉಪಕಾರ. ಯೋಗೇಶ ಅದನ್ನೇ ಮಾಡಿದ್ದ.

"ದಿನಾ ಒಂದ್ಸಾರಿ ಎರಡ್ಸಾರಿ ನಿದ್ದೆ ಮಾಡ್ತನೆ ಕಣಣ್ಣ. ಪಾಪ ಅಂತ ಅವನ್ ದನಿಲೇ ನಾನ್ ಕೂಗ್ಬುಡ್ತಿನಿ. ಇವತ್ತು ಗಂಟ್ಲು ಕಟ್ಟದೆ, ಅವನಂಗೆ ಆಗ್ನಿಲ್ಲ" ಅಂದ, ದೊಡ್ಡ ಪುಣ್ಯದ ಕೆಲಸ ಹೇಳಿಕೊಳ್ಳುವವನ ಹಾಗೆ.

"ಯಾವಾಗಿಂದ?"

"ಜೋಳ ತೆನೆ ಕಟ್ದಾಗಿಂದ್ಲೂ."

ವೃಷಭೇಂದ್ರ ಮಾರನೆಯ ದಿನವೇ ಸೋಮುವನ್ನು ಕೂರಿಸಿಕೊಂಡು, ಕಂಡದ್ದನ್ನು ಹೇಳಿ, ಡಾಕ್ಟರ ಹತ್ತಿರ ಹೋಗೋಣ ಎಂದ. ಸೋಮು ಉರಿದುಬಿದ್ದ. ಪೊಂಗಲ್ ಪಂದ್ಯಕ್ಕೆ ಕೊಯಮತ್ತೂರಿನ ಒಂದು ಮಿಲ್ಲಿನ ತಂಡದವರು ಅವನನ್ನೇ ನೋಡಲು ಬರುವವರಿದ್ದರು. ಆಯ್ಕೆಯಾದರೆ ಮಿಲ್ಲಿನಲ್ಲೇ ಕಾಯಂ ಕೆಲಸ.

"ನಿದ್ದೆ ಮಾಡ್ದೋನ್ಗೆ ಯಾವ್ ಡಾಕ್ಟ್ರಣ್ಣ? ತಲೆ ಕೆಟ್ಟದೆ ಅಂತ ಎಸ್ರು ಬಂದ್ರೆ ನನ್ನ ಯಾರ್ ತಕತರೆ? ನೀನು ಬಾಯ್ ಬುಟ್ಟೆ ಅಂದ್ರೆ ನನ್ ಬಾಳು ಅಲ್ಲಿಗೇ ಮುಗೀತು."

ಅವತ್ತಿನಿಂದ ವೃಷಭೇಂದ್ರನಿಗೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಒಂದೇ ಚಿತ್ರ: ಸೋಮು ಎದುರಾಳಿಗಳ ನಡುವೆ ನಿಂತಿದ್ದಾನೆ, ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದವನು ಸುಮ್ಮನಾಗುತ್ತಾನೆ, ಮೇಲೆ ಏಳು ಜನ ಬೀಳುತ್ತಾರೆ, ಆ ತಲೆಯೇ ನೆಲಕ್ಕೆ ಬಡಿಯುತ್ತದೆ. ನನಗೊಬ್ಬನಿಗೆ ಹೇಳಿದ, ಹೇಳಿ ಆಣೆ ಹಾಕಿಸಿಕೊಂಡ. ಈ ಸಲ ನನಗೂ ನಗು ಬರಲಿಲ್ಲ.

ವೀಳ್ಯದ ದಿನ ಅವನ ಮನೆಯ ಮುಂದೆ ಆಟಗಾರರು ಸಾಲಾಗಿ ನಿಂತರು. ಸೋಮು ಎಂದಿನಂತೆ ಮುಂದೆ. ವೃಷಭೇಂದ್ರ ತಟ್ಟೆ ಹಿಡಿದು ಬಂದವನು ಸೋಮು ಒಡ್ಡಿದ ಕೈಯನ್ನು ದಾಟಿ ಮುಂದಕ್ಕೆ ಹೋದ. ಸೋಮುವಿನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಚಪ್ಪಲಿಯನ್ನೂ ಮೆಟ್ಟಿಕೊಳ್ಳದೆ ಹೊರಟುಹೋದ.

ಒಳಗೆ ಬಂದು ಕುಳಿತ ಭಾವ, "ಸದ್ಯ, ಆಡೋದು ತಪ್ಪುಸ್ದೆ" ಎಂದು ಬೆವರು ಒರೆಸಿಕೊಂಡ. ಅವನ ಹೆಂಡತಿ ಪುಟ್ಟಬಸಮ್ಮನಿಗೆ ವಿಷಯ ಏನೂ ಗೊತ್ತಿಲ್ಲ. ಒಲೆಯ ಮುಂದೆ ಕೂತೇ ಅಂದಳು:

"ನೀವು ಬುಟ್ರೆ ಅವ್ನು ಮನೇಲ್ ಕುಂತನಾ? ದೊಡ್ಡಗಾಜನೂರೋರು ಎತ್ತಾಕೊಂಡ್ ಓಯ್ತರೆ."

ವೃಷಭೇಂದ್ರ ಕುಳಿತಲ್ಲಿಂದ ಎದ್ದ. ಅಷ್ಟು ವರ್ಷ ತಂಡ ಕಟ್ಟಿದವನಿಗೆ, ಬಿಟ್ಟ ಆಟಗಾರನನ್ನು ಇನ್ನೊಬ್ಬ ಬಾಚಿಕೊಳ್ಳುತ್ತಾನೆ ಎನ್ನುವುದು ಭಯದಲ್ಲಿ ಮರೆತೇಹೋಗಿತ್ತು. ದೊಡ್ಡಗಾಜನೂರಿನ ಮ್ಯಾನೇಜರ್ ಶಿವಶಂಕರ ಮೂರು ಹೊತ್ತೂ ಸೋಮುವನ್ನೇ ಜಪಿಸುವವನು. ಅವನು ಪಂದ್ಯಕ್ಕೆ ಹತ್ತು ರೈಡು ಮಾಡಿಸುವವನು, ಇಪ್ಪತ್ತು ಮಾಡಿಸಲಿಕ್ಕೂ ಹೇಸುವವನಲ್ಲ. ಸಾಯಬಾರದು ಎಂದು ಬಿಟ್ಟು, ಬೇಗ ಸಾಯುವ ಕಡೆಗೇ ನೂಕಿದ್ದ.

ಹೊತ್ತು ಮುಳುಗಲು ಬಂದಿತ್ತು. ತಟ್ಟೆಯಲ್ಲಿ ಉಳಿದಿದ್ದ ಎಲೆ ಅಡಿಕೆ ಬಾಚಿಕೊಂಡು ಓಡಿದ. ಅವನು ಓಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ನಾನೂ ಹಿಂದೆ ಓಡಿದೆ. ಸೋಮುವಿನ ಮನೆ ಮುಂದೆ ಶಿವಶಂಕರನ ಬೈಕು ಆಗಲೇ ನಿಂತಿತ್ತು. ಅವನು ಬೇಲಿಯ ಹತ್ತಿರ ಪಡುವಣ ನೋಡುತ್ತಾ ಕಾಯುತ್ತಿದ್ದ, ಕಟ್ಟುಪಾಡಿನ ಮನುಷ್ಯ. ವೃಷಭೇಂದ್ರ ಅವನನ್ನು ದಾಟಿ ನುಗ್ಗಿ, ಏದುಸಿರು ಬಿಡುತ್ತಾ ಸೋಮುವಿನ ಕೈಗೆ ವೀಳ್ಯ ತುರುಕಿದ.

"ತಮಾಸೆ ಮಾಡ್ದೆ ಏನಣ್ಣ ಆಗ?" ಸೋಮುವಿನ ಕಣ್ಣಲ್ಲಿ ನೀರು. "ಪೊಂಗಲ್‌ಗೆ ಆಡುಸ್ತೀಯ ತಾನೆ?"

"ಮೊದ್ಲು ತಕೊ. ತಕೊಂಡು ಮಡಿಕೊ" ಅಂದ ಭಾವ. ಸೋಮು ಎಲೆಯನ್ನು ಕಣ್ಣಿಗೆ ಒತ್ತಿಕೊಂಡ.

ಪೊಂಗಲ್ ಬಂತು. ಮಿಲ್ಲಿನವರು ಮುಂದಿನ ಸಾಲಿನಲ್ಲೇ ಕುಳಿತರು. ವೃಷಭೇಂದ್ರ ಏಳು ಜನರ ಹೆಸರು ಹೇಳಿದ, ಅದರಲ್ಲಿ ಸೋಮು ಇಲ್ಲ. ತೊಡೆ ತಟ್ಟಿ ಸಜ್ಜಾಗಿದ್ದವನು ಬಂದು ಎಲ್ಲರ ಎದುರು ಅವನ ಅಂಗಿ ಹಿಡಿದ.

"ಯಾಕೆ? ಏಳು, ಯಾಕೆ ಅಂತ ಏಳು!"

ಕಾರಣ ಹೇಳಿದರೆ ಹುಡುಗನನ್ನು ಇನ್ಯಾವತ್ತೂ ಯಾರೂ ಕರೆಯುವುದಿಲ್ಲ. ವೃಷಭೇಂದ್ರ ಸುತ್ತ ನೋಡಿ, "ನಂಗೆ ಎದ್ರಿಕೆ ಕಣ್ಲಾ" ಅಂದ. ಜನ ಘೊಳ್ಳೆಂದು ನಕ್ಕರು. ಅವನ ಜೀವಮಾನದಲ್ಲಿ ಅಷ್ಟು ಸತ್ಯವಾದ ಮಾತು ಅವನು ಆಡಿರಲಿಲ್ಲ, ಅದಕ್ಕೂ ನಕ್ಕರು.

ನಾವು ಸೋತೆವು. ಆ ಪಂದ್ಯವಷ್ಟೇ ಅಲ್ಲ, ಮುಂದಿನವೂ. ಮಿಲ್ಲಿನವರು ಬೇರೆ ಯಾರನ್ನೋ ಆರಿಸಿಕೊಂಡರು. ಹುಡುಗನ ಬಾಳು ಹಾಳು ಮಾಡಿದ ಎಂದು ಊರು ಬೈಯಿತು, ಮಂಡಿಯವರು ಮ್ಯಾನೇಜರನ್ನೇ ಬದಲಾಯಿಸುವ ಮಾತಾಡಿದರು. ಸೋಮು ದಾರಿಯಲ್ಲಿ ಕಂಡರೆ ಉಗಿದು ಹೋಗುತ್ತಿದ್ದ. ವೃಷಭೇಂದ್ರ ಹೊರಗೆ ಬರುವುದನ್ನೇ ಕಡಿಮೆ ಮಾಡಿದ. ತಾನು ಕಂಡದ್ದು ಬರೀ ನಿದ್ದೆಯೇ ಆಗಿದ್ದರೆ ಎಂಬ ಹೊಸ ಹೆದರಿಕೆ ಅವನನ್ನು ಹಿಡಿದಿತ್ತು. "ನಾನೇ ಅವನ್ನ ಕೊಂದುಬುಟ್ನೇನ್ಲಾ?" ಎಂದು ನನ್ನನ್ನು ಕೇಳುತ್ತಿದ್ದ.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ನಾವಿಬ್ಬರೂ ಜಗಲಿಯಲ್ಲಿದ್ದಾಗ ಸೋಮು ಬಂದ. ಹೊಡೆಯಲು ಬಂದನೇನೋ ಎಂದು ನಾನು ಎದ್ದು ನಿಂತೆ. ಅವನ ಪಂಚೆ, ಅಂಗಿ ಕೊರಳವರೆಗೂ ಒದ್ದೆಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಸುಡುವ ಬಿಸಿಲು.

"ಅಣ್ಣ, ನಾನು ದನ ನೀರಿಗೆ ಬುಟ್ಟು ಏರಿ ಮೇಲೆ ನಿಂತಿದ್ದಿ" ಅಂದ. "ನೋಡ್ತಿನಿ, ಕೆರೆ ಮದ್ಯದಲ್ಲಿ ಇವ್ನಿ. ನೀರು ಇಲ್ಲಿಗ್ಬಂದದೆ." ಕೊರಳು ಮುಟ್ಟಿ ತೋರಿಸಿದ. "ಯಾವಾಗ್ ಇಳ್ದೆ ಅಂತ ಗೊತ್ತಿಲ್ಲ. ಇನ್ನೊಂದ್ ಎಜ್ಜೆ ಇಟ್ಟಿದ್ರೆ..."

ನೋಡಿದೆಯಾ, ನಾನು ಅವತ್ತೇ ಹೇಳಲಿಲ್ಲವಾ ಎಂದು ಭಾವನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಅನ್ನುತ್ತಿದ್ದರು. ನಾನಾಗಿದ್ದರೂ ಅನ್ನುತ್ತಿದ್ದೆ.

"ಮನೇಲ್ ಏಳ್ದಾ?" ಎಂದು ನಾನೇ ಕೇಳಿದೆ.

ಸೋಮು ಇಲ್ಲವೆಂದು ತಲೆ ಅಲ್ಲಾಡಿಸಿದ. "ನಂಗೆ ಎದ್ರಿಕೆ ಆಯ್ತದೆ ಕಣಣ್ಣ. ಊರಲ್ಲಿ ಎಲ್ರೂ ದೈರ್ಯಸ್ತರೇ. ಯಾರತ್ರ ಓಗಿ ಏಳ್ಕೊಳ್ಳಿ?"

ಭಾವ ಸರಿದು ಜಗಲಿಯ ಮೇಲೆ ಜಾಗ ಮಾಡಿಕೊಟ್ಟ. ಹೆಗಲ ಮೇಲಿನ ಟವಲಿನಿಂದ ಹುಡುಗನ ತಲೆ ಒರೆಸಿದ, ಪೆಟ್ಟು ಬಿದ್ದಿದ್ದ ಜಾಗದಲ್ಲಿ ಮೆಲ್ಲಗೆ. ನಾನು ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಹೋಗಲು ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿಕೊಂಡು ಬರಲು ಹೊರಟೆ.