ಕಣ್ಣು ಕಂಬದ ಕಡೆ

ಎಪ್ಪತ್ತರ ದಶಕದಲ್ಲಿ, ಹಿರಿಯೂರಿನ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರಿಗೂ ಖೊಖೊ ಕಲಿಸಿದವರು ಡ್ರಿಲ್ ಮೇಷ್ಟ್ರು. ಮಾತಾಡುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಅಟ್ಟಿಸಿಕೊಂಡು ಬರುವವಳನ್ನು ಏಮಾರಿಸಲು ಅವರದು ಒಂದೇ ಪಾಠ: "ಕಣ್ಣು ಕಂಬದ ಕಡೆ ಇರ್ಲಿ ಕಣವ್ವ, ಕಾಲು ಸಂದಿಗೆ ನುಗ್ಲಿ." ಕಂಬದತ್ತ ಓಡುವಂತೆ ನಟಿಸಿ, ಸಾಲಾಗಿ ಕುಳಿತವರ ನಡುವಿನ ಸಂದಿಯಲ್ಲಿ ತಟ್ಟನೆ ಆಚೆ ದಾಟಬೇಕು. ಅಟ್ಟುವವಳು ಅಲ್ಲಿ ನುಗ್ಗುವಂತಿಲ್ಲ. ನಾನು ಕಂಬ ನೋಡುವುದನ್ನು ಮರೆತು ಔಟಾದಾಗಲೆಲ್ಲ, ಬೈಯದೆ ತಾವೇ ಪ್ಯಾಂಟು ಮಡಿಸಿ ಓಡಿ ತೋರಿಸುತ್ತಿದ್ದರು.

ಹೊಳಲ್ಕೆರೆ ತಂಡದ ಮೇಲೆ ಪಂದ್ಯವಿದ್ದ ದಿನ ಅಪ್ಪ ಮೈದಾನಕ್ಕೇ ಬಂದರು.

"ದೊಡ್ಡೋಳಾದ ಹುಡ್ಗಿ ಹಿಂಗೆ ಓಡೋದು ಚೆನ್ನಾಗಿರಲ್ಲ ಮೇಷ್ಟ್ರೇ. ಮನೆಗೆ ಕಳಿಸ್ರಿ."

ಮೇಷ್ಟ್ರು ಅಪ್ಪನ ಮುಖವನ್ನೇ ನೋಡುತ್ತ ತಲೆಯಾಡಿಸಿದರು. "ನೀವು ಹೇಳೋದು ಸರಿ ಐತ್ರಿ. ಇದೊಂದು ಆಟ ಆಡ್ಲಿ, ಆಮೇಲೆ ಬಿಡಿಸಾಣ."

ಅವರ ಹಿಂದೆ ನಿಂತಿದ್ದ ನನಗೆ, ಬೆನ್ನ ಹಿಂದಿನ ಬೆರಳೊಂದು ಆಟದ ಅಂಕಣ ತೋರಿಸುತ್ತಿತ್ತು. ನಾನು ಓಡಿದೆ. ಆ ಬೆರಳನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಆಮೇಲೆ ಪ್ರತಿ ಪಂದ್ಯಕ್ಕೂ ಅಪ್ಪ ಹೀಗೇ ಬಂದರು, ಪ್ರತಿ ಸಲವೂ ಮೇಷ್ಟ್ರು ತಲೆಯಾಡಿಸಿದರು. ಆ ಒಂದು ಆಟ ನನ್ನ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನಡೆಯಿತು.