ಸಂತಾಪದ ಒಂದು ಸಾಲು

ಮಸ್ಕತ್ತಿನ ನಮ್ಮ ಕನ್ನಡ ಬಳಗದಲ್ಲಿ ಸತ್ತವರ ಬಗ್ಗೆ ಬರೆಯುವ ಕೆಲಸ ನನ್ನದು. ಯಾರೂ ನೇಮಿಸಿದ್ದಲ್ಲ. ಒಮ್ಮೆ ಅಧ್ಯಕ್ಷರು ಬರೆದ ಸಂತಾಪ ಸೂಚನೆಯಲ್ಲಿ ಕಾಗುಣಿತ ತಿದ್ದಿಕೊಟ್ಟೆ, ಅಂದಿನಿಂದ ಅದು ನನ್ನ ಕೊರಳಿಗೇ ಬಿತ್ತು. ಊರಲ್ಲಿ ಯಾರದೋ ತಂದೆ, ಇಲ್ಲಿ ಯಾರದೋ ಹೆಂಡತಿ, ಆಗೀಗ ಯಾರಾದರೂ ದೊಡ್ಡ ಮನುಷ್ಯರು. ಅಲ್ ಖುವೈರ್‌ನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಹಳೆಯ ಫೈಲು ತೆರೆದು, ಹೆಸರು ಬದಲಿಸಿ, ಊರು ಬದಲಿಸಿ, ವಾಟ್ಸಾಪ್ ಗುಂಪಿಗೆ ಕಳಿಸಿಬಿಡುತ್ತಿದ್ದೆ. ಹತ್ತು ನಿಮಿಷದ ಕೆಲಸ. ಸಾವಿನ ಮನೆಯಲ್ಲಿ ಯಾರು ವಾಕ್ಯ ನೋಡುತ್ತಾರೆ ಎಂಬ ಧೈರ್ಯ.

ತಿಂಗಳಿಗೊಂದು ಶುಕ್ರವಾರ, ಜುಮಾ ನಮಾಜು ಮುಗಿದ ಮೇಲೆ, ಒಂದು ಹೋಟೆಲಿನ ಮಹಡಿಯಲ್ಲಿ ನಾವು ಸೇರುತ್ತೇವೆ. ಮೈಸೂರು, ಬೆಂಗಳೂರು ಕಡೆಯ ನನ್ನಂಥ ಸಂಬಳದವರು, ಮಂಗಳೂರು ಕಡೆಯ ಬ್ಯಾರಿ ಮುಸ್ಲಿಂ ವ್ಯಾಪಾರಿಗಳು, ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮೆಲ್ಲರ ಮಕ್ಕಳು. ಮೊದಲಿಗೆ ಆ ತಿಂಗಳ ಸಂತಾಪ ಓದುವುದು, ಆಮೇಲೆ ಒಂದು ನಿಮಿಷ ಮೌನ. ನಿಮಿಷ ನೋಡುವವರು ಯಾವಾಗಲೂ ಹಾಜಿಯವರು. ಮತ್ರಾದ ಗಲ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಹಿರಿಯ ಬ್ಯಾರಿ. ಎಲ್ಲರೂ ಅವರನ್ನು ಹಾಗೇ ಕರೆಯುವುದು. ಉಳಿದವರ ಕೈಗೆ ಕೊಟ್ಟರೆ ಇಪ್ಪತ್ತೈದು ಸೆಕೆಂಡಿಗೇ ಮೌನ ಮುಗಿಸಿ ಬೋಂಡದ ತಟ್ಟೆಯ ಕಡೆ ನೋಡುತ್ತಾರೆ ಎಂದು ಅವರ ದೂರು. ಅವರು ಕೈಗಡಿಯಾರದ ಮೇಲೆ ಕಣ್ಣಿಟ್ಟು ನಿಂತು, ಅರವತ್ತು ತುಂಬಿದ ಮೇಲೆ ಒಮ್ಮೆ ಕೆಮ್ಮುತ್ತಾರೆ. ಆ ಕೆಮ್ಮು ಬಾರದೆ ಯಾರೂ ಕೂರುವಂತಿಲ್ಲ.

ಒಂದು ಬುಧವಾರ ಬೆಳಿಗ್ಗೆ ಕರಾವಳಿಯ ಒಬ್ಬ ರಾಜಕಾರಣಿ ತೀರಿಕೊಂಡ ಸುದ್ದಿ ಬಂತು. ಮೈಕು ಸಿಕ್ಕಿದರೆ ಬ್ಯಾರಿಗಳ ಮೇಲೆ ಹರಿಹಾಯುತ್ತಿದ್ದ ಮನುಷ್ಯ. ಅವರ ಅಂಗಡಿಗೆ ಹೋಗಬೇಡಿ, ಅವರ ಮನೆಯದ್ದು ತಿನ್ನಬೇಡಿ ಎಂದು ಊರೂರಲ್ಲಿ ಹೇಳಿಕೊಂಡು ಬಂದವರು. ಅವರನ್ನು ತಲೆಯ ಮೇಲೆ ಹೊತ್ತು ಮೆರೆಸುವವರೂ ನಮ್ಮ ಗುಂಪಿನಲ್ಲಿದ್ದರು. ನನಗೆ ಅವರ ಮೇಲೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮೈಸೂರಿನಲ್ಲಿ ಬೆಳೆದವಳಿಗೆ ಕರಾವಳಿಯ ಜಗಳವೆಂದರೆ ಪೇಪರಿನಲ್ಲಿ ಓದಿ ಮಡಚಿಡುವ ಸಂಗತಿ. ಹಾಗಿರುವುದನ್ನೇ ನಾನು ದೊಡ್ಡತನವೆಂದುಕೊಂಡಿದ್ದೆ.

ಗುಂಪಿನಲ್ಲಿ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ನಡುವೆ ಯಾರೋ ‘ಖಲಾಸ್’ ಎಂದು ಬರೆದರು. ಇಲ್ಲಿ ಕೆಲಸ ಮುಗಿದರೂ ಹಾಲು ಮುಗಿದರೂ ಹೇಳುವ ಮಾತು ಅದು. ಅರೆಕ್ಷಣದಲ್ಲಿ ಅಳಿಸಿದರು, ಆದರೆ ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಸತ್ತವರ ಬಗ್ಗೆ ಹೀಗೆ ಬರೆಯಲು ನಾಚಿಕೆಯಾಗುವುದಿಲ್ಲವೇ ಎಂದು ಒಬ್ಬರು. ಬದುಕಿರುವವರ ಬಗ್ಗೆ ಅವರು ಆಡಿದ್ದಕ್ಕೆ ನಿಮಗೆ ನಾಚಿಕೆಯಾಗಿತ್ತೇ ಎಂದು ಇನ್ನೊಬ್ಬರು. ಇಬ್ಬರೂ ವಾದಿ ಕಬೀರ್ ಬಡಾವಣೆಯಲ್ಲಿ ಒಂದೇ ಕಟ್ಟಡದವರು, ಮಕ್ಕಳನ್ನು ಒಂದೇ ಕಾರಿನಲ್ಲಿ ಶಾಲೆಗೆ ಬಿಡುವವರು. ಮಧ್ಯಾಹ್ನದೊಳಗೆ ನಾಲ್ಕು ಜನ ಗುಂಪು ಬಿಟ್ಟರು.

ಅಧ್ಯಕ್ಷರು ಗಾಬರಿಯಿಂದ ಫೋನು ಮಾಡಿದರು. “ಮೇಡಂ, ಬೇಗ ಏನಾದ್ರೂ ಬರೆದು ಹಾಕಿ. ಯಾರಿಗೂ ನೋವಾಗ್ಬಾರದು. ಇಲ್ದಿದ್ರೆ ಈ ಶುಕ್ರವಾರಕ್ಕೆ ಬಳಗ ಎರಡು ಹೋಳು.”

ಯಾರಿಗೂ ನೋವಾಗದ್ದು ನನ್ನ ಬಳಿ ಸಿದ್ಧವಾಗಿಯೇ ಇತ್ತಲ್ಲ! ಫೈಲು ತೆರೆದೆ, ಹೆಸರು ಬದಲಿಸಿದೆ, ಕಳಿಸಿದೆ. ಜಗಳ ನಿಂತಿತು. ಅಧ್ಯಕ್ಷರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಹಾಜಿಯವರಿಂದ ಮಾತ್ರ ಸದ್ದಿಲ್ಲ. ಎಲ್ಲದಕ್ಕೂ ಧ್ವನಿ ಸಂದೇಶ ಕಳಿಸುವವರು ಅವರು. ಶುಕ್ರವಾರ ಅವರು ಬರುತ್ತಾರೆಯೇ? ಬಂದರೂ ಆ ಮನುಷ್ಯನಿಗಾಗಿ ಗಡಿಯಾರ ನೋಡುತ್ತಾರೆಯೇ? ನನಗಂತೂ ಎರಡು ದಿನ ಅದೇ ಯೋಚನೆ.

ಬಂದರು. ಎಂದಿನ ಬಿಳಿ ಅಂಗಿ, ಎಂದಿನ ಜಾಗ. ನಾನು ಸಂತಾಪ ಓದಿದೆ. ‘ನೆರೆಹೊರೆಯವರನ್ನು ತಮ್ಮ ಮನೆಯವರಂತೆ ಕಂಡ ಹಿರಿಯ ಜೀವ’ ಎಂಬಲ್ಲಿಗೆ ಬಂದಾಗ ಅವರು ಥಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಮೌನ ಶುರುವಾಯಿತು. ಎಲ್ಲರೂ ತಲೆ ತಗ್ಗಿಸಿದ್ದರು, ನಾನು ಕಳ್ಳಗಣ್ಣಿನಿಂದ ಅವರನ್ನೇ ನೋಡುತ್ತಿದ್ದೆ. ಅವರು ಗಡಿಯಾರ ನೋಡುತ್ತಿದ್ದರು. ಅರವತ್ತು ಸೆಕೆಂಡು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೆಮ್ಮಿದರು. ಆಮೇಲೆ ಚಹಾ ಕುಡಿಯದೆ ಹೊರಟುಹೋದರು.

ಶನಿವಾರ ರಜೆ. ಮತ್ರಾಕ್ಕೆ ಹೋದೆ. ಲುಂಗಿ ಕೊಳ್ಳುವ ನೆಪ, ಕುತೂಹಲವೇ ನಿಜವಾದ ಕಾರಣ. ಅಂಗಡಿಗೆ ನಾನು ಹೋದದ್ದು ಅದೇ ಮೊದಲು. ಲುಂಗಿ ಕೊಂಡು ಬಿಲ್ಲು ತೆಗೆದುಕೊಂಡೆ. ಹಾಜಿಯವರು ಕುರ್ಚಿ ಹಾಕಿಸಿದರು, ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ. “ನಿನ್ನೆ ಆ ಒಂದು ನಿಮಿಷ ನಿಲ್ಲೋಕೆ ನಿಮಗೆ ಕಷ್ಟ ಆಗ್ಲಿಲ್ವಾ, ಹಾಜಿಯವರೇ?”

“ಎಂತ ಕಷ್ಟ ಮೇಡಂ? ಸತ್ತವರಿಗೆಲ್ಲ ಒಂದೊಂದು ನಿಮಿಷ ಕೊಡುವುದು ನಾವು. ಅವರಿಗೆ ಐವತ್ತೈದು ಸೆಕೆಂಡು ಕೊಟ್ಟರೆ ಸಣ್ಣವ ಆಗುವುದು ನಾನು. ಅದಲ್ಲ ಸಂಗತಿ. ಸಂಗತಿ ಅಲ್ಲಿ ಉಂಟು, ನೋಡಿ.”

ಅವರು ತೋರಿಸಿದ ಕಡೆ ತಿರುಗಿದೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಕಾಗದ. ಎರಡು ವರ್ಷದ ಹಿಂದೆ ಊರಲ್ಲಿ ಅವರ ಹೆಂಡತಿ ತೀರಿಕೊಂಡಾಗ ನಾನು ಬರೆದ ಸಂತಾಪ. ಪ್ರಿಂಟು ಬೇಕೆಂದು ಅವರು ಕೇಳಿದ್ದು ಆಗ ನೆನಪಾಯಿತು. ಮೂರನೆಯ ಸಾಲು: ‘ನೆರೆಹೊರೆಯವರನ್ನು ತಮ್ಮ ಮನೆಯವರಂತೆ ಕಂಡ ಹಿರಿಯ ಜೀವ.’

“ಹಬ್ಬಕ್ಕೆ ಆಚೆಮನೆಗೆ ಅವಳು ಪಾಯಸ ಕಳಿಸುವುದು,” ಎಂದರು ಹಾಜಿಯವರು. “ಅವರಿಗೆ ನಮ್ಮ ಬಿರಿಯಾನಿ ಆಗುವುದಿಲ್ಲ ಅಂತ ಪಾಯಸಕ್ಕೆ ಪಾತ್ರೆಯೇ ಬೇರೆ ಇಟ್ಟಿದ್ದಳು. ಎಷ್ಟೋ ವರ್ಷ. ಈ ಮನುಷ್ಯ ನಮ್ಮ ಊರಿಗೆ ಬಂದು ಭಾಷಣ ಮಾಡಿದ ವರ್ಷ ಪಾತ್ರೆ ಹಾಗೆಯೇ ವಾಪಸ್ ಬಂತು. ಮುಚ್ಚಳ ಸಹ ತೆಗೆದಿರಲಿಲ್ಲ ಮಾರಾಯ್ರೆ. ಮರುವರ್ಷವೂ ಕಳಿಸಿದಳು. ಮತ್ತೂ ವಾಪಸ್. ಸಾಯುವವರೆಗೂ ಕಳಿಸಿದಳು.”

ಕಟ್ಟಿನ ಗಾಜಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸುತ್ತ ಹೇಳಿದರು. “ನಿಮಗೆ ಗೊತ್ತಿಲ್ಲದೆ ಆದದ್ದು, ಇರಲಿ. ಅವರಿಗೆ ನಿಮಿಷ ಕೊಡಿ, ಹೂವು ಹಾಕಿ. ಆದರೆ ಈ ಸಾಲು ಅವಳದ್ದು. ಅದನ್ನು ಅವರಿಂದ ವಾಪಸ್ ತೆಗೆಯಿರಿ.”

ಕಳಿಸಿ ಮೂರು ದಿನವಾದ ಸಂದೇಶವನ್ನು ಅಳಿಸಲಾಗುವುದಿಲ್ಲ. ಅಲ್ಲೇ ಕೂತು ಇನ್ನೊಂದು ಬರೆದೆ: ‘ಬುಧವಾರದ ಸಂತಾಪದಲ್ಲಿ ನೆರೆಹೊರೆಯ ಬಗೆಗಿನ ಸಾಲು ತಪ್ಪಾಗಿ ಸೇರಿದೆ. ಅದು ಅವರಿಗೆ ಸಲ್ಲುವುದಲ್ಲ. ತಪ್ಪು ನನ್ನದು.’ ಗುಂಪಿಗೆ ಕಳಿಸಿದೆ. ಅಂದುಕೊಂಡಂತೆಯೇ ಆಯಿತು. ಫೋನು ಮೇಲಿಂದ ಮೇಲೆ ನಡುಗಿತು, ಅಧ್ಯಕ್ಷರು ಎರಡು ಸಲ ಕರೆ ಮಾಡಿದರು. ನಾನು ಅದನ್ನು ಮೇಜಿನ ಮೇಲೆ ಮಗುಚಿಟ್ಟೆ. ಬಳಗ ಹೋಳಾದರೆ ಅದರಲ್ಲಿ ನನ್ನ ಪಾಲೂ ಇರಲಿ ಎನ್ನಿಸಿತು.

ಹಾಜಿಯವರು ಕಣ್ಣೊರೆಸಿಕೊಂಡರು. “ಅವಳ ಬಗ್ಗೆ ಎಷ್ಟು ಸರಿಯಾಗಿ ಬರೆದಿದ್ದೀರಿ ಮೇಡಂ. ನೀವು ಅವಳನ್ನು ನೋಡಿದವರೇ ಅಲ್ಲ. ನಿಮಗೆ ಹೇಗೆ ಗೊತ್ತಾಯಿತು ಅಂತ ನನಗೆ ಈಗಲೂ ಆಶ್ಚರ್ಯ.”

ಆ ಸಾಲು ಅವರ ಹೆಂಡತಿಗಾಗಿಯೂ ಹುಟ್ಟಿದ್ದಲ್ಲ. ಅದಕ್ಕೂ ಹಿಂದೆ ತುಮಕೂರಿನ ಯಾರದೋ ಮಾವನಿಗೆ, ಅದಕ್ಕೂ ಹಿಂದೆ ಒಬ್ಬ ನಿವೃತ್ತ ಮೇಷ್ಟರಿಗೆ ಬರೆದಿದ್ದೆ. ಅವರ ಹೆಂಡತಿ ತೀರಿಕೊಂಡ ದಿನವೂ ಊಟದ ಬಿಡುವಿನಲ್ಲಿ ಬರಿಯ ಹೆಸರು ಬದಲಿಸಿದ್ದೆ. ಗೋಡೆಯ ಮೇಲೆ ಗಾಜಿನೊಳಗೆ ಅದು ನನ್ನನ್ನೇ ನೋಡುತ್ತಿತ್ತು. ಹೇಳಿಬಿಡಲೇ ಎಂದು ಬಾಯಿ ತೆರೆದೆ, ಧೈರ್ಯ ಸಾಲಲಿಲ್ಲ. ಅದಕ್ಕೆ ಈಗಲೂ ನನಗೆ ನಾಚಿಕೆಯಿದೆ.

ಚೀಲದಿಂದ ಪೆನ್ನು ತೆಗೆದು, ಲುಂಗಿಯ ಬಿಲ್ಲಿನ ಹಿಂಬದಿ ಮೇಲೆ ಮಾಡಿಕೊಂಡು, “ಆ ಪಾಯಸದ ಪಾತ್ರೆ ಎಷ್ಟು ದೊಡ್ಡದಿತ್ತು?” ಎಂದು ಕೇಳಿದೆ.

ಹಾಜಿಯವರು ಚಹಾದ ಲೋಟ ಕೆಳಗಿಟ್ಟು ಎರಡೂ ಕೈ ಅಗಲಿಸಿ ತೋರಿಸಿದರು.