ಕ್ರೇಟಿನ ಮೇಲೆ ಕಾಣದ ಶಾಯಿ

ಕೇಳ್ರಪ್ಪಾ, ನಾನೇ ಮಾಡಿದ ಕಣ್ಣಿಗೆ ಕಾಣದ ಶಾಯಿ ಇವತ್ತು ನನ್ನ ಮಾನ ಹರಾಜು ಹಾಕಿತು.

ಪ್ರತಿ ಕೊಯ್ಲಿಗೂ ನಮ್ಮ ದ್ರಾಕ್ಷಿ ಕ್ರೇಟುಗಳು ಪಕ್ಕದ ತೋಟದ ತಮಿಳು ಮಾಮನ ಶೆಡ್ ಸೇರ್ತವೆ. ಹೆಸರು ಬರೆದರೆ ಉಜ್ಜಿ ತೆಗೀತಾರೆ. ಅದಕ್ಕೇ ಈ ಸಲ ಬಟ್ಟೆ ಒಗೆಯೋ ಪೌಡರನ್ನು ನೀರಲ್ಲಿ ಕಲಸಿ, ಸೋಸಿ, ಎಲ್ಲ ಕ್ರೇಟಿಗೂ ಒಂದೊಂದು ಚುಕ್ಕೆ ಇಟ್ಟಿದ್ದೆ. ಒಣಗಿದರೆ ಕಾಣಲ್ಲ. ತೋಟದಲ್ಲಿ ಚೇಳು ಹುಡುಕೋ ಯುವಿ ಟಾರ್ಚ್ ಬಿಟ್ಟರೆ ಮಾತ್ರ ನೀಲಿಯಾಗಿ ಹೊಳೆಯುತ್ತೆ.

ಬೆಳಿಗ್ಗೆ ಮಾಮನ ಶೆಡ್ಡಿಗೇ ನುಗ್ಗಿ, ಬಾಗಿಲು ಹಾಕಿಸಿ, ಟಾರ್ಚ್ ಬಿಟ್ಟೆ. ಅವರ ಸಾಲಿನಲ್ಲೇ ನಮ್ಮ ಚುಕ್ಕೆಗಳು ಫಳಫಳ!

"ನೋಡಿ ಮಾಮಾ, ಹೊಳೆಯೋದೆಲ್ಲ ನಮ್ದು" ಅಂದೆ.

ಮಾಮ ನನ್ನ ಕೈಯಲ್ಲಿದ್ದ ಟಾರ್ಚನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಅವರ ಹೆಂಡತಿ, ನಮ್ಮತ್ತೆ, ಅದೇ ಪೌಡರಲ್ಲಿ ಒಗೆದಿದ್ದ, ಅವರು ಉಟ್ಟ ಬಿಳಿ ಪಂಚೆ, ಅವರ ಮಾತಲ್ಲಿ ವೇಷ್ಟಿ, ಟ್ಯೂಬ್‌ಲೈಟ್ ಥರ ಉರೀತಿತ್ತು.

"ಅಪ್ಪಡಿಯಾ? ಹೌದಾ? ಹಂಗಾದ್ರೆ ಇದೂ ನಿಮ್ದೇ ಕಣಮ್ಮಾ. ಬಿಚ್ಚಿ ಕೊಡಲಾ?" ಅಂತ ತಮ್ಮ ಸೊಂಟದ ಗಂಟಿಗೆ ಕೈ ಹಾಕೇಬಿಟ್ಟರು. ಹಣ್ಣು ತುಂಬುತ್ತಿದ್ದ ಹೆಂಗಸರೆಲ್ಲ ಕಿಸಕ್ಕಂತ ನಕ್ಕರು.

ಕ್ರೇಟು ಕೇಳೋಕೆ ಹೋದವಳು, "ವೇಷ್ಟಿ ಬೇಡ ಮಾಮಾ" ಅಂತ ಕೈ ಮುಗಿದು ಬಂದಿದ್ದೀನಿ.